ಬೇಕರಿ ತಿರುವಿನಲ್ಲಿ ಬಸ್ಸು ನಿಲ್ಲುವುದಿಲ್ಲ

ಏರುಬೀದಿಯ ಮನೆ, ಅಡುಗೆಮನೆಯ ಮೇಜು
ಹದಿನೇಳನೆಯ ತಾರೀಕು, ಭಾನುವಾರ ಮಧ್ಯಾಹ್ನ

ನಮ್ಮ ಮನೆಯ ಯಜಮಾನರಿಗೆ, ಅಂದರೆ ನಿಮಗೇ ರೀ,

ಮೊಣಕಾಲು ಹೇಗಿದೆ? ಊತ ಇಳಿಯಿತೇ, ನಿದ್ದೆ ಸರಿಯಾಗಿ ಬರುತ್ತಿದೆಯೇ? ನಿಮ್ಮನ್ನು ಕೇಳಿದರೆ ಎಲ್ಲದಕ್ಕೂ ಪರವಾಗಿಲ್ಲ ಎನ್ನುತ್ತೀರಿ, ಅದಕ್ಕೇ ಅತ್ತಿಗೆಯನ್ನು ಕೇಳಿ ತಿಳಿದುಕೊಂಡಿದ್ದೇನೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ, ಆಯುಷ್ಯವೆಲ್ಲ ಕ್ಲಚ್ ತುಳಿದ ಕಾಲಿಗೆ ನೀನೇನು ಕಲಿಸುತ್ತೀಯ ಎಂದು ಹೇಳಿ ಬಾಗಿಲಿನಿಂದಲೇ ಕಳಿಸಿದಿರಂತೆ. ಡಾಕ್ಟರು ಆ ಕಾಲನ್ನೇ ಕೊಯ್ದು ಒಳಗೆ ಹೊಸ ಕೀಲು ಕೂರಿಸಿದ್ದಾರೆ ಸ್ವಾಮಿ, ಅದಕ್ಕೆ ಕ್ಲಚ್ಚೂ ಗೊತ್ತಿಲ್ಲ, ಬ್ರೇಕೂ ಗೊತ್ತಿಲ್ಲ. ನಾಳೆಯಿಂದ ಆ ಹುಡುಗಿ ಹೇಳಿದ ಹಾಗೆ ಮಡಚಿ, ಚಾಚಿ. ಮೆಟ್ಟಿಲಿಲ್ಲದ ಮನೆ ಎಂದು ನಿಮ್ಮನ್ನು ನಿಮ್ಮ ಅಕ್ಕನ ಮನೆಗೆ ಕಳಿಸಿದ್ದು ಸೋಫಾದ ಮೇಲೆ ಕಾಲು ನೀಡಿಕೊಂಡು ಟೀವಿ ನೋಡಲಿಕ್ಕಲ್ಲ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ಫೋನಿರುವಾಗ ಇದೇನು ಕಾಗದ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಪೂರ್ತಿ ಬೈದು ಮುಗಿಸಿರುತ್ತೀರಿ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ. ಅತ್ತೆ ಆರೋಗ್ಯವಾಗಿದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಕಾಫಿ ನೀರಾಗಿದೆ ಎನ್ನುತ್ತಾರೆ, ಇನ್ನೊಂದು ಲೋಟ ಕೇಳುತ್ತಾರೆ. ನನ್ನ ಆಸ್ಪತ್ರೆ ಲಾಂಡ್ರಿ ಎಂದಿನಂತೆ ನಡೆದಿದೆ. ಹೊಸ ಇಸ್ತ್ರಿ ಯಂತ್ರ ತಂದಿದ್ದಾರೆ, ಹಳೆಯದಕ್ಕಿಂತ ಚೆನ್ನಾಗಿ ಕೈ ಸುಡುತ್ತದೆ. ಊರಿನ ಸುದ್ದಿ ಅಂದರೆ, ಲೈಬ್ರರಿಯ ಸೋರುವ ಮಾಡಿಗೆ ಕೊನೆಗೂ ತಗಡು ಹೊದಿಸಿದರು, ಈಗ ಓದುವವರ ತಲೆಯ ಮೇಲೆ ಸೋರದೆ ಪುಸ್ತಕದ ಕಪಾಟಿನ ಮೇಲೆ ಸೋರುತ್ತದೆ. ಕ್ಷೌರದಂಗಡಿ ಮುಂದಿನ ಬೀದಿದೀಪ ಉರಿಯಲು ಶುರುವಾಯಿತು. ಹಗಲು ಹೊತ್ತು ಮಾತ್ರ. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಬದಲಾಯಿಸಿದ್ದಾರೆ, ಯಾವ ಹೊತ್ತಿಗೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಇನ್ನು ಬಸ್ಸಿನ ವಿಷಯ. ಬೇಕರಿ ಗೋಡೆಗೆ ನೋಟೀಸು ಅಂಟಿಸಿದ್ದನ್ನು ಫೋನಿನಲ್ಲೇ ಹೇಳಿದ್ದೆ. ಬರುವ ತಿಂಗಳಿಂದ ನಮ್ಮ ಬಸ್ಸು ಮಾರ್ಕೆಟ್ಟಿನವರೆಗೆ ಮಾತ್ರ, ಅಲ್ಲಿಂದ ಮೇಲೆ ಟ್ಯಾಂಕಿ ಸ್ಟಾಪಿನವರೆಗೆ ಪ್ರಯಾಣಿಕರೇ ಇಲ್ಲವಾದ್ದರಿಂದ ರದ್ದು, ಆಕ್ಷೇಪ ಇದ್ದವರು ಶಾಲೆಯ ಸಭಾಂಗಣಕ್ಕೆ ಬಂದು ಹೇಳಿಕೊಳ್ಳಬಹುದು ಎಂದು ಅದರಲ್ಲಿತ್ತು. ಅದನ್ನು ಕೇಳಿ ನೀವು ಇನ್ನೊಮ್ಮೆ ಹೇಳು ಎಂದಿರಿ. ಆಮೇಲೆ, "ನೀನು ಸುಮ್ನಿರು. ಸಭೆಗೆ ಹೋಗ್ಬೇಡ. ಹೋದ್ರೂ ಬಾಯಿ ಬಿಡ್ಬೇಡ," ಎಂದಿರಿ. ನಾನು ಆಯಿತು ಎಂದೆ. ರೀ, ನಾನು ಸಭೆಗೆ ಹೋದೆ. ಬಾಯಿಯನ್ನೂ ಬಿಟ್ಟೆ. ಈಗ ಕಾಗದ ಎಸೆಯಬೇಡಿ, ಇನ್ನೂ ಇದೆ.

ನಿಮ್ಮ ಕಥೆಯನ್ನು ನಿಮಗೇ ಹೇಳುವುದು ತಮಾಷೆಯೇ. ಆದರೆ ಸಭೆಯಲ್ಲಿ ನಾನು ಹೇಳಿದ್ದು ಇದನ್ನೇ, ಒಂದಕ್ಷರ ಹೆಚ್ಚುಕಮ್ಮಿ ಇದ್ದರೆ ತಿಳಿಸಿ. ಟ್ಯಾಂಕಿ ಸ್ಟಾಪು ಇರುವುದು ಬೀದಿಯ ತುತ್ತತುದಿಯಲ್ಲಿ, ಮನೆಗಳೆಲ್ಲ ಇರುವುದು ಅದಕ್ಕಿಂತ ಕೆಳಗೆ ಬೇಕರಿ ತಿರುವಿನ ಸುತ್ತ. ಮೇಲೆ ಇಳಿದರೆ ಸವೆದ ಕಲ್ಲುಮೆಟ್ಟಿಲು ಹಿಡಿದು ಮತ್ತೆ ಕೆಳಗೆ ಬರಬೇಕು. ಅಲ್ಲಿ ಅತ್ತೆ ಜಾರಿ ಬಿದ್ದು ಕೈ ಮುರಿದುಕೊಂಡ ಮೇಲೆ, ನೀವು ಅವರಿಗಾಗಿ ಬೇಕರಿ ತಿರುವಿನಲ್ಲಿ ಬಸ್ಸು ನಿಲ್ಲಿಸಲು ಶುರುಮಾಡಿದಿರಿ. ಅಮ್ಮನಿಗೆ ನಿಲ್ಲಿಸಿದವರು ಪಕ್ಕದ ಮನೆಯ ಬಸುರಿಗೆ ನಿಲ್ಲಿಸುವುದಿಲ್ಲ ಎನ್ನಲಾಗುತ್ತದೆಯೇ? ನೋಡನೋಡುತ್ತ ಇಡೀ ಬೀದಿ ಅಲ್ಲೇ ಹತ್ತಿ ಅಲ್ಲೇ ಇಳಿಯುವ ಹಾಗಾಯಿತು. ಟಿಕೆಟ್ ಯಂತ್ರಕ್ಕೆ ಬೇಕರಿ ತಿರುವು ಎಂಬ ಸ್ಟಾಪು ಗೊತ್ತಿಲ್ಲ. ಡ್ರೈವರೂ ಕಂಡಕ್ಟರೂ ನೀವೇ, ದರ ಹೇಗಿದ್ದರೂ ಒಂದೇ ಎಂದು ಎಲ್ಲರಿಗೂ ಮಾರ್ಕೆಟ್ಟಿನ ಟಿಕೆಟ್ಟೇ ಹರಿದಿರಿ. ಆಮೇಲೆ ಖಾಲಿ ಬಸ್ಸನ್ನು ಟ್ಯಾಂಕಿಯವರೆಗೆ ಹತ್ತಿಸಿ ತಿರುಗಿಸಿಕೊಂಡು ಬಂದಿರಿ. ಒಮ್ಮೆ ತನಿಖೆಯವರ ಕೈಗೆ ಸಿಕ್ಕಿ, ಇನ್ನೊಂದು ಸಲ ಸ್ಟಾಪಿಲ್ಲದ ಕಡೆ ನಿಲ್ಲಿಸಿದರೆ ಕೆಲಸದಿಂದ ಮನೆಗೇ ಎಂದು ಹೇಳಿಸಿಕೊಂಡಿರಿ. ಒಂದು ವಾರ ಗಂಭೀರವಾಗಿದ್ದಿರಿ. ಮಳೆ ಬಂದ ದಿನ ಮತ್ತೆ ನಿಲ್ಲಿಸಿದಿರಿ. ಆಸ್ಪತ್ರೆಗೆ ಸೇರುವ ಮುಂಚೆ ಬದಲಿ ಡ್ರೈವರಿಗೂ ಅದೇ ಪಾಠ ಹೇಳಿಕೊಟ್ಟು ಹೋದಿರಿ. ಹೀಗೆ ನೀವು ನಮ್ಮನ್ನು ಮನೆಬಾಗಿಲಲ್ಲಿ ಇಳಿಸುತ್ತ ಇಳಿಸುತ್ತ, ಕಚೇರಿಯ ಲೆಕ್ಕದಲ್ಲಿ ನಾವು ಒಬ್ಬರೂ ಇಲ್ಲದ ಹಾಗೆ ಮಾಡಿಬಿಟ್ಟಿರಿ.

ಸಭೆಗೆ ಎಲ್ಲರೂ ಬಂದಿದ್ದರು. ಮಕ್ಕಳ ಕುಳ್ಳ ಕುರ್ಚಿಗಳಲ್ಲಿ ದೊಡ್ಡವರೆಲ್ಲ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆವು. ಸಾರಿಗೆ ಕಚೇರಿಯಿಂದ ಒಬ್ಬ ಮೇಡಂ ಬಂದಿದ್ದರು. ಒರಟು ಹೆಂಗಸೇನಲ್ಲ, ಮಾತು ಮೆತ್ತಗಿತ್ತು. ಅದೇ ನನಗೆ ಹೆಚ್ಚು ಸಂಕಟ ಮಾಡಿದ್ದು, ಬೈಯುವವರಾಗಿದ್ದರೆ ನಾನೂ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದೆ. ಅವರು ಟಿಕೆಟ್ಟಿನ ಲೆಕ್ಕವನ್ನು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. "ಟ್ಯಾಂಕಿ ಸ್ಟಾಪಲ್ಲಿ ಹತ್ತೋರೂ ಇಲ್ಲ, ಇಳಿಯೋರೂ ಇಲ್ಲ. ಖಾಲಿ ಬಸ್ಸನ್ನ ಯಾಕೆ ಏರು ಹತ್ತಿಸ್ಬೇಕು, ನೀವೇ ಹೇಳಿ," ಎಂದರು.

ಆಗ ನೀವು ನಮ್ಮ ಬೀದಿಯನ್ನು ನೋಡಬೇಕಿತ್ತು. ಕ್ಷೌರದಂಗಡಿಯವನು, ಕಾಲು ಕೆರೆದು ಜಗಳಕ್ಕೆ ಹೋಗುವ ಆಸಾಮಿ, ತನ್ನ ಚಪ್ಪಲಿಯನ್ನೇ ಮೊದಲ ಸಲ ಕಂಡವನ ಹಾಗೆ ನೋಡುತ್ತ ಕೂತ. ಬೇಕರಿಯವನು ಕೆಮ್ಮಿದ, ಅಷ್ಟೇ. ಗಡಿಯಾರ ರಿಪೇರಿಯ ಅಣ್ಣ ಎರಡು ದಿನದಿಂದ ಮನೆಯಲ್ಲಿ ಭಾಷಣ ಅಭ್ಯಾಸ ಮಾಡಿದ್ದರು. ಗೋಡೆಯಾಚೆಯಿಂದ ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು. ಎದ್ದು ನಿಂತರು, ನನ್ನನ್ನೂ ಅತ್ತೆಯನ್ನೂ ನೋಡಿದರು, ಒಂದು ಮಾತೂ ಆಡದೆ ಕೂತುಬಿಟ್ಟರು. ಎಲ್ಲರಿಗೂ ಉತ್ತರ ಗೊತ್ತಿತ್ತು ರೀ. ಹೇಳಿದರೆ ನಿಮ್ಮ ಕೆಲಸ ಹೋಗುತ್ತದೆ ಎಂಬುದೂ ಗೊತ್ತಿತ್ತು. ಮೊದಲೇ ಮಾತಾಡಿಕೊಂಡು ಬಂದವರಲ್ಲ, ಅಲ್ಲೇ, ಒಬ್ಬರ ಮುಖ ಒಬ್ಬರು ನೋಡದೆ, ಬಸ್ಸು ಹೋದರೆ ಹೋಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡರು.

ಗಡಿಯಾರದಣ್ಣನ ಹೆಂಡತಿ, ನಮ್ಮ ಗಡಿಯಾರದಕ್ಕ, ನನ್ನ ಪಕ್ಕದಲ್ಲಿದ್ದರು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ಕೈ ಕೊಟ್ಟು ಮಲಗಿ ರಕ್ತ ಶುದ್ಧ ಮಾಡಿಸಿಕೊಂಡು ಬರುವ ಜೀವ ಅದು. ಬರುವಾಗ ಬಸ್ಸಿನ ಕಂಬಿಗೆ ಹಣೆ ಆನಿಸಿ ಕೂತಿರುವುದನ್ನು ನೀವೇ ಕನ್ನಡಿಯಲ್ಲಿ ನೋಡುತ್ತಿದ್ದಿರಿ. ಅವರು ನನ್ನ ಕೈ ಹಿಡಿದು ಅದುಮಿ, ಕಿವಿಯ ಹತ್ತಿರ ಬಂದು, "ಬೇಡ ಕಣಮ್ಮ. ನಾನು ಹೇಗೋ ನಡ್ಕೊಂಡು ಬರ್ತೀನಿ. ನಿನ್ನ ಗಂಡನ ಕೆಲಸ ಉಳೀಲಿ," ಎಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಮಾರ್ಕೆಟ್ಟಿನಿಂದ ನಮ್ಮ ಬೀದಿಗೆ ಆ ಏರನ್ನು ಅವರು ನಡೆದು ಹತ್ತುವುದೆಂದರೇನು? ನಾಲ್ಕು ಹೆಜ್ಜೆಗೆ ಒಮ್ಮೆ ಗೋಡೆ ಹಿಡಿದು ನಿಲ್ಲುವ ಹೆಂಗಸು. ಅವರ ಜೀವದ ಮೇಲೆ ನಿಮ್ಮ ಸಂಬಳ ತಂದು ನಾನು ಅಡುಗೆ ಮಾಡಲೇ? ನೀವಾದರೂ ಆ ಅನ್ನವನ್ನು ನೆಮ್ಮದಿಯಾಗಿ ಉಣ್ಣುತ್ತಿದ್ದಿರೇ? ಇಲ್ಲ. ಸುಮ್ಮನಿರು ಎಂದು ಫೋನಿನಲ್ಲಿ ಹೇಳುವುದು ಸುಲಭ, ಆ ಕುರ್ಚಿಯಲ್ಲಿ ಕೂತಿದ್ದರೆ ನನಗಿಂತ ಮೊದಲು ನೀವೇ ಎದ್ದಿರುತ್ತಿದ್ದಿರಿ. ಕೈ ಬಿಡಿಸಿಕೊಂಡು ಎದ್ದೆ.

"ಜನ ಇದ್ದೀವಿ ಮೇಡಂ. ನಾವೆಲ್ಲ ಬೇಕರಿ ತಿರುವಲ್ಲಿ ಹತ್ತಿ ಇಳೀತೀವಿ. ಅಲ್ಲಿ ಸ್ಟಾಪಿಲ್ಲ ಅಂತ ಗೊತ್ತು. ಅಲ್ಲಿ ನಿಲ್ಲಿಸೋ ರೂಢಿ ಹಾಕಿದ್ದು ನನ್ನ ಗಂಡ," ಎಂದೆ. ಆಮೇಲೆ ಮೇಲೆ ಬರೆದಿದ್ದನ್ನೆಲ್ಲ ಹೇಳಿದೆ, ಎಚ್ಚರಿಕೆ ಕೊಟ್ಟಿದ್ದನ್ನೂ ಬಿಡಲಿಲ್ಲ. ಮೇಡಂ ಪೆನ್ನು ಕೆಳಗಿಟ್ಟರು. ಇದನ್ನು ಹೇಳುವುದರಿಂದ ಏನಾಗುತ್ತದೆ ಎಂದು ನಿಮಗೆ ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಎಂದೆ. ಅಷ್ಟರಲ್ಲಿ ಹಿಂದಿನಿಂದ ಕೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು. ಎಲ್ಲರೆದುರು ಅತ್ತೆ ನನಗೆ ಮಂಗಳಾರತಿ ಮಾಡುತ್ತಾರೆ ಎಂದುಕೊಂಡೆ. ನಿಮ್ಮ ತಾಯಿ ಎದ್ದು ನಿಂತು, ಸೊಂಟ ನೇರ ಮಾಡಿಕೊಂಡು, ಆ ಅಧಿಕಾರಿಗೆ ಹೇಳಿದರು:

"ನನ್ನ ಮಗ ಮೊದಲು ನಿಲ್ಸಿದ್ದು ನನಗೋಸ್ಕರ. ತಪ್ಪು ಅಂತೀಯಾ, ತಪ್ಪು ಅಂತ ಬರ್ಕೋ ತಾಯಿ. ಆದ್ರೆ ಇಲ್ಲಿ ಜನ ಇಲ್ಲ ಅಂತ ಮಾತ್ರ ಬರೀಬೇಡ."

ಆಮೇಲೆ ಸಭೆ ಸಭೆಯಾಗಿ ಉಳಿಯಲಿಲ್ಲ. ಕ್ಷೌರದಂಗಡಿಯವನು ನಾನೂ ಅಲ್ಲೇ ಇಳಿಯುವವನು ಎಂದು ಎದ್ದ, ಬೇಕರಿಯವನು ತಾನೇ ಕೈಬೀಸಿ ಬಸ್ಸು ನಿಲ್ಲಿಸುತ್ತಿದ್ದೆ ಎಂದ, ಗಡಿಯಾರದಣ್ಣ ತಮ್ಮ ಭಾಷಣವನ್ನು ಕೊನೆಯಿಂದ ಶುರುಮಾಡಿದರು. ಹಾಗಾದರೆ ಬೇಕರಿ ತಿರುವಿನಲ್ಲೇ ಸ್ಟಾಪು ಕೊಡಿ ಎಂದು ನಾನು ಕೇಳಿದೆ. ಅದು ಕುರುಡು ತಿರುವು, ಎದುರಿನ ಗಾಡಿ ಕಾಣುವುದಿಲ್ಲ, ಒಂದು ದಿನ ಯಾರಾದರೂ ಚಕ್ರಕ್ಕೆ ಸಿಕ್ಕರೆ ಯಾರು ಹೊಣೆ ಎಂದು ಮೇಡಂ ಕೇಳಿದರು. ಅದು ಸರಿಯಾದ ಮಾತೇ. ನನಗೆ ಒಪ್ಪಲು ಮನಸ್ಸಿರಲಿಲ್ಲ, ಒಪ್ಪಿಕೊಂಡೆ. ಕೊನೆಗೆ ಅವರು ಹೇಳಿದ್ದು ಇಷ್ಟು: ಇನ್ನೊಂದು ತಿಂಗಳು ಬಸ್ಸು ಮೇಲಿನವರೆಗೆ ಬರುತ್ತದೆ, ಟ್ಯಾಂಕಿ ಸ್ಟಾಪಿನಲ್ಲಿ ನಿಜವಾಗಿ ಜನ ಹತ್ತಿ ಇಳಿದರೆ ರದ್ದು ಮಾಡುವುದಿಲ್ಲ. ಡ್ರೈವರ್ ವಿಷಯ ಬೇರೆ, ಕೇಳಿದ್ದನ್ನು ಕೇಳಲಿಲ್ಲ ಎನ್ನಲು ತಮ್ಮಿಂದ ಆಗುವುದಿಲ್ಲ. ಹಾಗೆ ಅನ್ನಿ ಎಂದು ನಾನು ಕೇಳುತ್ತಲೂ ಇಲ್ಲ ಎಂದೆ. ಮನೆಗೆ ಬರುವಾಗ ಅತ್ತೆ ಅರ್ಧ ದಾರಿ ನನ್ನ ತೋಳು ಹಿಡಿದು ನಡೆದರು. ಆಮೇಲೆ, ನಿನ್ನ ಗಂಡ ಬೈಯುತ್ತಾನೆ ಎಂದರು. ಬೈಯಲಿ ಎಂದೆ. ನಾನಿದ್ದೀನಿ ಬಿಡು ಎಂದರು. ಈ ಮನೆಗೆ ಬಂದಾಗಿನಿಂದ ಇದೇ ಮೊದಲು ಅವರ ಬಾಯಿಂದ ಆ ಮಾತು ಕೇಳಿದ್ದು, ಅದನ್ನೂ ನಿಮಗೆ ಹೇಳಬೇಕೆನಿಸಿತು.

ಈಗ ಬೆಳಗಾದರೆ ಇಡೀ ಬೀದಿ ಟ್ಯಾಂಕಿಯ ಕಡೆಗೆ ಹತ್ತುತ್ತದೆ. ಕೆಲಸಕ್ಕೆ ಹೋಗುವವರು, ಶಾಲೆಯ ಮಕ್ಕಳು, ಸುಮ್ಮನೆ ಮಾರ್ಕೆಟ್ ನೋಡಿ ಬರುತ್ತೇವೆ ಎನ್ನುವವರು. ಅತ್ತೆಗೆ ಎಲ್ಲೂ ಹೋಗುವ ಕೆಲಸವಿಲ್ಲ. ಆದರೂ ಮೆಟ್ಟಿಲಿಗೊಂದು ಬೈಗುಳದಂತೆ ಸಾರಿಗೆ ಇಲಾಖೆಯ ವಂಶ ಜಾಲಾಡುತ್ತ ಹತ್ತಿ ಬರುತ್ತಾರೆ, ಒಂದು ಸುತ್ತು ಹೋಗಿ ಬರುತ್ತಾರೆ. ಜಾರದಿರಲಿ ಎಂದು ಮೆಟ್ಟಿಲಿಗೆ ಹಗ್ಗ ಕಟ್ಟಿದ್ದೇವೆ. ಗಡಿಯಾರದಣ್ಣ ಹೆಂಡತಿಯನ್ನು ನಡುನಡುವೆ ಕೂರಿಸಿಕೊಂಡು ಹತ್ತಿಸಲು ಮಡಚುವ ಕುರ್ಚಿ ಹೊತ್ತು ತರುತ್ತಿದ್ದರು, ಈಗ ಮೇಲಿನ ಸ್ಟಾಪಿಗೆ ಇನ್ನೊಂದು ತಂದಿಟ್ಟಿದ್ದಾರೆ. ಬೇಕರಿಯವನು ನಾಲ್ಕು ಕಂಬ ನೆಟ್ಟು ತಗಡು ಹಾಕಿದ. ಅನುಮತಿಯಿಲ್ಲದ ಕಟ್ಟಡ, ತೆಗೆಯಿರಿ ಎಂದು ನಗರಸಭೆಯಿಂದ ಚೀಟಿ ಬಂತು. ಆ ಚೀಟಿಯನ್ನು ಆ ಕಂಬಕ್ಕೇ ಅಂಟಿಸಿದ್ದೇವೆ, ತಗಡು ಇನ್ನೂ ಅಲ್ಲೇ ಇದೆ.

ನಿಮ್ಮ ಮಾತು ಮೀರಿದ್ದು ಹೌದು. ಕ್ಷಮಿಸಿ ಎಂದು ಬರೆಯಲು ಈ ಪೆನ್ನು ಒಪ್ಪುತ್ತಿಲ್ಲ. ನೀವು ನಿಲ್ಲಿಸಿದ್ದು ತಪ್ಪು ಜಾಗದಲ್ಲಿ ಇರಬಹುದು, ಅದನ್ನು ಬಚ್ಚಿಟ್ಟುಕೊಂಡು ತಲೆ ತಗ್ಗಿಸಿ ಓಡಾಡುವಂಥದ್ದು ಏನನ್ನೂ ನೀವು ಮಾಡಿಲ್ಲ. ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ನಿಮಗೆ ಅತ್ತೆಯ ಆಶೀರ್ವಾದ, ಜೊತೆಗೆ ಆ ಹುಡುಗಿಗೆ ಎದುರು ಮಾತಾಡಿದ್ದಕ್ಕೆ ಎರಡು ಬೈಗುಳ.

ಇಂತಿ, ನಿಮ್ಮ ಮಾತು ಕೇಳದ
ನಿಮ್ಮವಳು

ಮರೆತು ಬಿಟ್ಟಿದ್ದಲ್ಲ, ಬರೆಯಲು ಕೈ ಬಾರದೆ ಕೊನೆಗೆ ಇಟ್ಟುಕೊಂಡಿದ್ದು: ನಿಮ್ಮ ಹೆಸರಿಗೆ ಕಚೇರಿಯಿಂದ ಕರೆ ಬಂದಿದೆ. ಇಪ್ಪತ್ತೊಂಬತ್ತನೇ ತಾರೀಕು, ಶುಕ್ರವಾರ ಬೆಳಗ್ಗೆ ವಿಚಾರಣೆ. ಅಲ್ಲಿ ಹೋಗಿ, ನನ್ನ ಹೆಂಡತಿಗೆ ಏನೂ ಗೊತ್ತಿಲ್ಲ, ಏನೋ ಬಡಬಡಿಸಿದ್ದಾಳೆ ಎಂದಿರೋ, ನೋಡಿ ಮತ್ತೆ. ಕೆಲಸ ಹೋದರೆ ಹೋಗಲಿ, ಲಾಂಡ್ರಿ ಇದೆ, ನಾನಿದ್ದೇನೆ. ಗುರುವಾರವೇ ಬಂದುಬಿಡಿ. ನಮ್ಮ ಬಸ್ಸಿನಲ್ಲೇ ಬನ್ನಿ, ಟ್ಯಾಂಕಿ ಸ್ಟಾಪಿಗೇ ಟಿಕೆಟ್ ತೆಗೆದುಕೊಳ್ಳಿ. ಬೇಕರಿ ತಿರುವಿನಲ್ಲಿ ನಿಲ್ಲಿಸಪ್ಪ ಎಂದು ಬದಲಿ ಡ್ರೈವರನ್ನು ಕೇಳಬೇಡಿ, ನೀವು ಕೇಳಿದರೂ ನಿಲ್ಲಿಸಬಾರದೆಂದು ಹೇಳಿಟ್ಟಿದ್ದೇನೆ. ಕಾಲು ನೋಯುತ್ತದೆ, ಗೊತ್ತು. ಅದಕ್ಕೇ ಮಡಚಿ, ಚಾಚಿ ಎಂದಿದ್ದು. ಮೇಲೆ ನಾನು ನಿಂತಿರುತ್ತೇನೆ, ಗಡಿಯಾರದಕ್ಕ ತಮ್ಮ ಕುರ್ಚಿ ನಿಮಗೆ ಬಿಟ್ಟುಕೊಡುತ್ತಾರಂತೆ. ಶುಕ್ರವಾರ ನೀವು ಒಬ್ಬರೇ ಹೋಗುತ್ತಿಲ್ಲ. ಇಡೀ ಬೀದಿ ಟ್ಯಾಂಕಿ ಸ್ಟಾಪಿನಲ್ಲಿ ನಿಮ್ಮ ಜೊತೆ ಬಸ್ಸು ಹತ್ತುತ್ತದೆ.