ನುಜತ್‌ಳ ಮೂಗಿನ ಮಣಿ

ಆನೆಕೊಂಡ, ದಾವಣಗೆರೆ
ಮಂಗಳವಾರ, 9 ಜುಲೈ 2024

ಪ್ರೀತಿಯ ಯಶೋದಕ್ಕನಿಗೆ,

ಮೊಣಕಾಲು ನೋವು ಹೇಗಿದೆ? ಕಿವಿಯ ಮಷೀನು ಗುಂಯ್‌ಗುಡುತ್ತದೆಂದು ಡಬ್ಬಿಯಲ್ಲೇ ಇಟ್ಟಿದ್ದೀಯಂತೆ, ನಿನ್ನ ಸೊಸೆ ರೇಖಾ ದೂರಿದಳು. ಅದಕ್ಕೇ ಫೋನು ಮಾಡದೆ ಬರೆಯುತ್ತಿದ್ದೇನೆ. ಹರಿಹರವೇನು ದೂರವಲ್ಲ, ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೆ ನಿನ್ನ ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ.

ಕಾಲೇಜಿನ ಆಫೀಸು ಬಿಟ್ಟು ಮನೆಯಲ್ಲೇ ಮಕ್ಕಳಿಗೆ ಮಣ್ಣು, ಬಣ್ಣ, ಕಾಗದದ ಕೆಲಸ ಕಲಿಸುತ್ತೇನೆಂದಾಗ "ನಲವತ್ತೆಂಟಕ್ಕ ಹೊಸ ಹುಚ್ಚು ಬ್ಯಾಡ ಕಣೇ" ಎಂದು ಬೈದವಳು ನೀನು. ಆದರೂ ಮೊದಲ ದಿನ ಬಂದು, ಮಕ್ಕಳ ಸಾಲಿನಲ್ಲೇ ಕೂತು ಮಣ್ಣಿನ ಆನೆ ಮಾಡಿದೆ. ಅದು ಹಂದಿಯಂತಿತ್ತು ಅನ್ನು! ಈಗ ಹನ್ನೊಂದು ಮಕ್ಕಳಿದ್ದಾರೆ. ತರಗತಿ ಶುರುವಾಗಿ ಆರು ವಾರವಾಯಿತು. ಸಂಜೆ ನಾಲ್ಕೂವರೆ ಸಮೀಪಿಸಿದರೆ ಯಾರೂ ಬರದಿದ್ದರೆ ಎಂಬ ಭಯ. ಬಂದಮೇಲೆ ಇವರೆಲ್ಲ ನನ್ನ ಮೇಲೆ ಭಾರ ಹಾಕಿದ್ದಾರಲ್ಲ ಎಂಬ ಭಯ. ಇಪ್ಪತ್ತೆರಡು ವರ್ಷ ಅಂಕಪಟ್ಟಿ ಟೈಪು ಮಾಡಿದವಳು ನಾನು. ಕಾಗದ ಬಿದ್ದರೆ ಎತ್ತಿಟ್ಟರಾಯಿತು, ಅದಕ್ಕೆ ಪೆಟ್ಟಾಗುವುದಿಲ್ಲ.

ಕಳೆದ ಗುರುವಾರ, ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ, ಮಕ್ಕಳು ಎತ್ತು ಮಾಡಿ ಕೊರಳಿಗೆ ಮಣಿ ಪೋಣಿಸುತ್ತಿದ್ದರು. ಆರು ವರ್ಷದ ನುಜತ್ ಬಾಯಿ ತೆರೆದುಕೊಂಡು ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂರುವ ಪೈಕಿಯೇ ಅಲ್ಲ. ಏನಾಯಿತೆಂದರೆ "ಟೀಚರ್, ಮಣಿ ಒಳಗ ಹೋತು" ಎಂದು ಮೂಗು ತೋರಿಸಿದಳು. ಉಳಿದವರನ್ನು ಪಕ್ಕದ ಮನೆಯ ತಿಮ್ಮವ್ವನಿಗೆ ಒಪ್ಪಿಸಿ, ಮಣ್ಣಿನ ಕೈಯಲ್ಲೇ ಅವಳನ್ನು ಎತ್ತಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ "ಬಾಯಾಗ ಉಸಿರಾಡು ಪುಟ್ಟಿ, ಮೂಗು ಎಳಿಬ್ಯಾಡ" ಎನ್ನುತ್ತಿದ್ದೆ. ಅವಳು ನನ್ನನ್ನೇ ನೋಡಿ "ನೀವ್ಯಾಕ ಅಳ್ತೀರಿ?" ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಸಣ್ಣ ಕೊಕ್ಕೆಯಿಂದ ಎರಡು ನಿಮಿಷದಲ್ಲಿ ಕೆಂಪು ಮಣಿ ತೆಗೆದರು. ಒಳಗೆ ಎಳೆದುಕೊಂಡಿದ್ದರೆ ಉಸಿರಿನ ಕೊಳವೆಗೇ ಹೋಗಬಹುದಿತ್ತಂತೆ.

ಅವಳ ತಾಯಿ ಹಜೀರಾಬೀ ಸುದ್ದಿ ತಿಳಿದು, ಮಂಡಕ್ಕಿ ಹುರಿಯುವ ಭಟ್ಟಿಯಿಂದ ಮೈಮೇಲಿನ ಹೊಟ್ಟೂ ಕೊಡವದೆ ಓಡಿಬಂದಳು. ಕೂಗಾಡುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಮಗಳ ಬೆನ್ನಿಗೊಂದು ಕೊಟ್ಟು, ನನ್ನ ಕೈ ಹಿಡಿದಳು. "ಹೋದ ವರ್ಸ ಕಡ್ಲೆಬೀಜ ಇಟ್ಕಂಡಿದ್ಲು ಟೀಚರ್. ನೀವು ಕಣ್ಣಾಗ ಕಣ್ಣಿಟ್ಟು ನೋಡ್ಕಂತೀರಿ, ಅದಕ್ಕ ಲಗೂನ ಗೊತ್ತಾತು" ಎಂದಳು. ನಾನು ನುಜತ್‌ಳ ಮುಖ ಒರೆಸತೊಡಗಿದೆ. ಶುಕ್ರವಾರ, ಶನಿವಾರ ತರಗತಿ ಮುಚ್ಚಿದೆ. ನಿನ್ನೆ ಅವಳೇ ನುಜತ್‌ಳನ್ನು ಕರೆತಂದು "ಬಾಗ್ಲು ಯಾಕ ಹಾಕೀರಿ? ನಿಮ್ ಹತ್ರ ಬಿಟ್ರ ನನಗ ಧೈರ್ಯ ಐತೆ" ಎಂದು ಬಾಗಿಲು ತೆಗೆಸಿದಳು. ಮಣಿಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದೇನೆ.

ಭಾವನವರಿಗೆ ನಮಸ್ಕಾರ ತಿಳಿಸು, ರೇಖಾಳ ಕೂಸಿಗೊಂದು ಮುತ್ತು. ಮಾತ್ರೆ ತಪ್ಪಿಸಬೇಡ. ನಿನ್ನ ಆಶೀರ್ವಾದ ಈಗ ನನಗೆ ತುಂಬ ಬೇಕು ಅಕ್ಕಾ.

ನಿನ್ನ ತಂಗಿ,
ಮೀನಾಕ್ಷಿ

ತಾ.ಕ.: ಮಧ್ಯಾಹ್ನ ಬರೆದದ್ದನ್ನು ಲಕೋಟೆಗೆ ಹಾಕಿ ಅಂಟಿಸಲಾಗದೆ ಇಟ್ಟಿದ್ದೆ. ಅಕ್ಕಾ, ಗುರುವಾರ ಮಣಿ ಒಳಗೆ ಹೋದಾಗ ನಾನು ಮಕ್ಕಳನ್ನು ನೋಡುತ್ತಲೇ ಇರಲಿಲ್ಲ. ಒಳಮನೆಯಲ್ಲಿ ನಿಂತು ಕಾಲೇಜಿಗೆ ಫೋನು ಮಾಡಿ, ನನ್ನ ಜಾಗ ಇನ್ನೂ ಖಾಲಿ ಇದೆಯೇ, ವಾಪಸು ತಗೊಳ್ಳುತ್ತೀರಾ ಎಂದು ಬೇಡುತ್ತಿದ್ದೆ. ಹತ್ತು ನಿಮಿಷ. ಈ ಸಂಜೆ ಹಜೀರಾಬೀಗೆ ಅಷ್ಟನ್ನೂ ಹೇಳಿದೆ. ಅವಳು ಮಗಳನ್ನು ಕರೆದುಕೊಂಡು ಹೋಗಲಿಲ್ಲ. "ಹಂಗಾರ ನಾನೂ ಇಲ್ಲೇ ಕೂಡ್ತೀನ್ರಿ" ಎಂದು ಭಟ್ಟಿಗೆ ಹೋಗದೆ ಬಾಗಿಲ ಬಳಿ ಕೂತು, ತರಗತಿ ಮುಗಿಯುವವರೆಗೂ ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ. ನಾಳೆಯೂ ಕೂರುತ್ತಾಳಂತೆ. ಕಾಲೇಜಿನವರು ಹದಿನೈದನೇ ತಾರೀಖು ಸೋಮವಾರದಿಂದ ಬರ್ರಿ ಎಂದಿದ್ದರು. ಈಗಷ್ಟೇ ಫೋನು ಮಾಡಿ, ಬರುವುದಿಲ್ಲ ಎಂದೆ. ಎರಡು ಸಲ ಹೇಳಬೇಕಾಯಿತು.