ಗಿರಣಿ ಊರೋ, ಬಂದರೋ

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ; ಸುಮ್ಮನೆ ವರದಿ. ನಾಲ್ಕು ದಿನದ ವಿದೇಶ ಪ್ರವಾಸಕ್ಕೆ ಟಿಕೆಟ್ ಮಾಡಿಸಲು ಹೋಗಿದ್ದೆ. ಒಂದೇ ಊರಿಗೆ ಸಮಯವಿತ್ತು: ಆ ದೊಡ್ಡ ಮುಷ್ಕರ ನಡೆದ ಗಿರಣಿ ಊರು, ಇಲ್ಲವೇ ನೀನಿರುವ ಬಂದರು.

“ಗಿರಣಿ ಊರಲ್ಲಿ ಹೊಗೆ ಬಿಟ್ರೆ ಏನಿದೆ ಮೇಡಂ?” ಎಂದ ಟ್ರಾವೆಲ್ಸ್‌ನವನು.

“ಇತಿಹಾಸ ಇದೆ.”

“ಅದು ಎಲ್ಲೂ ಓಡಿಹೋಗಲ್ಲ ಬಿಡಿ. ಬಂದರಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರಾ?”

ನೀನು ಹಡಗು ಕಂಪನಿಗೆ ಸೇರಿದೆಯೆಂದು, ಒಡಹುಟ್ಟಿದ ನಿನ್ನನ್ನು ನಮ್ಮ ಕಾರ್ಮಿಕ ಸಂಘದ ತುಂಬಿದ ಸಭೆಯಲ್ಲಿ ಮಾಲೀಕರ ಬಾಲಬಡುಕಿ ಎಂದವಳು ನಾನು. ಸಿದ್ಧಾಂತದ ಪ್ರಕಾರ ಆ ಮಾತು ಈಗಲೂ ಸರಿ.

“ಯಾರೂ ಇಲ್ಲ” ಎಂದೆ.

ಗಿರಣಿ ಊರಿಗೇ ಟಿಕೆಟ್ ಆಯಿತು. ಶುಕ್ರವಾರದವರೆಗೆ ಬದಲಾಯಿಸಬಹುದಂತೆ. ಅಗತ್ಯವಿಲ್ಲ ಎಂದು ಎದ್ದುಬಂದೆ. ಮೆಟ್ಟಿಲಿಳಿದವಳು ಮತ್ತೆ ಹತ್ತಿಹೋಗಿ, ಶುಕ್ರವಾರ ಎಷ್ಟು ಗಂಟೆಗೆ ಬಾಗಿಲು ಹಾಕುತ್ತೀರಿ ಎಂದು ಕೇಳಿದೆ.