ಗುಂಡಿ ಹೊಲಿಯಬೇಡ

ಗ್ರಿಮ್ಸ್‌ಬಿ, ಭಾನುವಾರ

ಪ್ರೀತಿಯ ಅಮ್ಮ,

ಅಂದು ಗಂಡನ ಮನೆಯಿಂದ ಓಡಿಬಂದಾಗ ನಿನ್ನ ಮನೆಯಲ್ಲಿ ಬಿಟ್ಟ ನನ್ನ ಕಂದು ಕೋಟನ್ನು ಅಂಚೆಯಲ್ಲಿ ಕಳಿಸು. ಕಿತ್ತುಹೋದ ಗುಂಡಿಯನ್ನು ಮಾತ್ರ ಹೊಲಿಯಬೇಡ. ಕೋರ್ಟಿಗೆ ಅದು ಹಾಗೆಯೇ ಬೇಕು.

“ಡಂಕನ್ ನಿನಗೇನು ಹೊಡೀಲಿಲ್ವಲ್ಲೇ, ಕೋಟು ಹಿಡಿದು ಎಳೆದ ಅಷ್ಟೆ. ಇಷ್ಟಕ್ಕೆಲ್ಲ ಕಟ್ಟಿಕೊಂಡ ಗಂಡನ ಮೇಲೆ ಯಾರಾದ್ರೂ ದೂರು ಕೊಡ್ತಾರಾ?” ಎಂದು ನೀನು ಕೇಳಿದೆ. ಠಾಣೆಯಲ್ಲಿ ನಾನೂ ಅದನ್ನೇ ಹೇಳಿದೆ. ಗಾಯವೇ ಇಲ್ಲ ಎಂದು ಅಂಗಿಯ ತೋಳು ಮೇಲೇರಿಸಿ ತೋರಿಸಿದೆ. ಅಲ್ಲಿದ್ದ ಪೊಲೀಸ್ ಹೆಂಗಸು ಟೀ ಕೊಟ್ಟು, “ಗಾಯ ಬೇಕಾಗಿಲ್ಲಮ್ಮ. ನೀವು ಬೇಡ ಅಂದಮೇಲೆ ತೊಟ್ಟ ಬಟ್ಟೆ ಹಿಡಿದು ಎಳೆದ್ರೂ ಕಾನೂನಿನಲ್ಲಿ ಅದು ಹಲ್ಲೆನೇ,” ಎಂದಳು.

ನಿನ್ನ ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು. ಈಗಾಗಲೇ ಹೊಲಿದಿದ್ದರೆ ಮತ್ತೆ ಬಿಚ್ಚಲು ಹೋಗಬೇಡ, ಹಾಗೆಂದು ಬರೆದುಬಿಡು. ನಾನು ಚಿಕ್ಕವಳಿದ್ದಾಗ, ಅಪ್ಪ ಬಂದರಿಗೆ ಕೆಲಸಕ್ಕೆ ಹೋದ ಮೇಲೆ ನೀನು ಮಿಠಾಯಿ ಡಬ್ಬಿಯ ಗುಂಡಿಗಳನ್ನು ಹರವಿಕೊಂಡು ಕೂರುತ್ತಿದ್ದೆ. ನಿನ್ನ ಹಸಿರು ಕೋಟಿನಲ್ಲಿ ಒಂದು ಗುಂಡಿಯಂತೆ ಇನ್ನೊಂದಿಲ್ಲ. “ಆ ಅಂಗಡಿಯವನು ಹಾಳಾಗಿಹೋಗ, ನೂಲೇ ಗಟ್ಟಿಯಿಲ್ಲ” ಎಂದು ನೀನು ಬೈಯುತ್ತಿದ್ದೆ. ಆಗ ನಾನು ನಂಬಿದ್ದೆ. ಗುಂಡಿ ಹೇಗೆ ಕಿತ್ತುಹೋಗುತ್ತದೆ ಎಂದು ಈಗ ಗೊತ್ತು.

ವಿಚಾರಣೆ ಮುಂದಿನ ತಿಂಗಳು. ಬರುವುದಾದರೆ ಆ ಹಸಿರು ಕೋಟನ್ನೇ ಹಾಕಿಕೊಂಡು ಬಾ, ಅಮ್ಮ. ನನ್ನ ಪಕ್ಕ ಕೂತಿರು.

ನಿನ್ನ ಮಗಳು,
ಲೋರ್ನಾ